ಸವತಿ ಜಡ್ಡು

ಮಸೂತಿಯ ಸಾತವ್ವನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಚೇಷ್ಟೆಯ ಮಾತಾಗಿ. ಸನ್ ೧೯೭೫, ದಸರೆ ಮುಗಿದ ಮೇಲಿನ ಒಂದು ಸಂತೆಯ ದಿನ. ಆಗ ನಾನು ಬಸವನ ಬಾಗೇವಾಡಿಯಲ್ಲಿ ಬಸಂತರಾಯ ಡಾಕ್ಟರ ಖಾಸಗಿ ದವಾಖಾನೆಯಲ್ಲಿ ಆಯಾ ಆಗಿದ್ದೆ. ಕಸ ಹೊಡೆಯುವುದು, ಸೂಜಿ ಕುದಿಸುವುದು, ಹೆಣ್ಣುಮಕ್ಕಳನ್ನು ಡಾಕ್ಟರು ಪರದೆಯ ಹಿಂದೆ ನೋಡುವಾಗ ಪಕ್ಕದಲ್ಲಿ ನಿಂತಿರುವುದು, ಇಷ್ಟು ನನ್ನ ಕೆಲಸ. ಮೂರನೆಯ ಇಯತ್ತೆಯವರೆಗೆ ಸಾಲಿಗೆ ಹೋಗಿದ್ದೆ. ಕನ್ನಡ ಕೂಡಿಸಿ ಓದುತ್ತಿದ್ದೆ. ಡಾಕ್ಟರು ಬರೆಯುವ ಇಂಗ್ಲಿಷ್ ಚೀಟಿ ನನಗೆ ತಿಳಿಯುತ್ತಿರಲಿಲ್ಲ.

ಕಂಪೌಂಡರ ಬಾಬುಲಾಲ ಒಳಗೆ ಬಂದು, "ಗುಂಡಕ್ಕಾ, ಪರದಿ ಸರಸು. ಎಲ್ಲಾಕಡೆವ್ವ ಬಂದಾಳ" ಎಂದ.

"ಅದ್ಯಾವ ಹೆಸರೋ ಮಾರಾಯಾ?"

"ನಾ ಇಟ್ಟದ್ದು. ನೀ ಸೂಟಿ ಮ್ಯಾಲ ಇದ್ದಾಗ ಎರಡ ಸಲ ಬಂದಿದ್ಲು. ಎಲ್ಲಿ ನೂಸ್ತೈತಿ ಅಂದ್ರ ಎಲ್ಲಾ ಕಡೆ ಅಂತಾಳ. ಬೆರಳಿಟ್ಟ ತೋರ್ಸಬೇ ಅಂದ್ರ, ಹತ್ತ ಬೆರಳ ಸಾಲೂದಿಲ್ರಿ ಅಂತಾಳ. ಇಂಥಾಕಿಗೆ ಔಷಧ ಬಾಟ್ಲ್ಯಾಗ ಕೊಡಬೇಕೋ ಕೊಡದಾಗ ಕೊಡಬೇಕೋ, ನೀನ ಹೇಳು."

ಹೊರಗೆ ಬಾಕಿನ ಮೇಲೆ ಸರದಿಗೆ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ.

ಒಳಗೆ ಬಂದವಳಿಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸು ಇರಬೇಕು. ಎತ್ತರದ ಹೆಂಗಸು, ಎರಡು ಮಕ್ಕಳ ತಾಯಿ. ನೆಲ ಎಲ್ಲಿ ಜಾರುತ್ತದೋ ಎನ್ನುವ ಹಾಗೆ ಕಾಲಿಡುತ್ತಿದ್ದಳು. ಮುಂದೆ ಅವಳ ಅತ್ತೆ ಕಸ್ತೂರೆವ್ವ. ಕುರಿಯ ಮನೆತನ ಅವರದು. ಮನೆಯಲ್ಲಿ ಇನ್ನೂರು ಕುರಿ. ಜೋಳ ಕೊಯ್ದು ಹೊಲ ಖಾಲಿಯಾದ ಮೇಲೆ ಕುರಿ ಹೊಡೆದುಕೊಂಡು ಕೊಲ್ಹಾರದ ಕಡೆ, ಕೃಷ್ಣೆಯ ದಂಡೆಗೆ ಇಳಿಯುತ್ತಿದ್ದರು. ಗೊಬ್ಬರಕ್ಕಾಗಿ ಕುರಿ ಕೂರಿಸಿಕೊಳ್ಳುವ ರೈತರ ಹೊಲದಲ್ಲಿ ಎರಡು ದಿನ, ಮುಂದಿನ ಹೊಲದಲ್ಲಿ ಮೂರು ದಿನ, ಹೀಗೆ ನಾಲ್ಕೈದು ತಿಂಗಳು. ಆ ತಿರುಗಾಟದಲ್ಲಿ ಒಬ್ಬ ಗಟ್ಟಿ ಹೆಂಗಸು ಬೇಕೇ ಬೇಕು. ರೊಟ್ಟಿ ಬಡಿಯಬೇಕು, ನೀರು ಹೊರಬೇಕು, ಮರಿ ನೋಡಬೇಕು, ಕುರಿಯ ಸುತ್ತ ಕಟ್ಟುವ ಹಗ್ಗದ ಬಲೆ ಸುತ್ತಿ ಕುದುರೆಯ ಮೇಲೆ ಹೇರಬೇಕು. ಕಸ್ತೂರೆವ್ವನಿಗೆ ವಯಸ್ಸಾಗಿತ್ತು, ಇನ್ನು ಅವಳ ಕೈಲಿ ಆಗುತ್ತಿರಲಿಲ್ಲ.

"ಸಾಹೇಬ್ರ, ಇಕಿಗೆ ಜಡ್ಡ ಐತೋ ಇಲ್ಲೋ, ಒಂದ ಮಾತ ಹೇಳಿಬಿಡ್ರಿ" ಎಂದಳು ಕಸ್ತೂರೆವ್ವ. "ಐತಿ ಅಂದ್ರ ನಾವು ಬ್ಯಾರೆ ದಾರಿ ನೋಡ್ತೇವಿ. ಇಲ್ಲ ಅಂದ್ರ ಕುರಿ ಹಿಂದ ನಡೀಲಿ. ಐದ ವರ್ಷ ಆತು, ಬೀಸಾಕ ಕುಂತ್ರ ಅಯ್ಯೋ, ಬಲಿ ಎತ್ತಿದ್ರ ಅಯ್ಯೋ."

ಬೇರೆ ದಾರಿ ಎಂದರೆ ಏನೆಂದು ಆ ದಿನ ನಾನು ಕೇಳಲಿಲ್ಲ.

ಪರದೆಯ ಹಿಂದೆ ಸಾತವ್ವ ಕುಪ್ಪಸದ ತೋಳು ಮೇಲೆ ಮಾಡಿದಾಗ ನಾಲ್ಕಾಣೆಯಷ್ಟು ಅಗಲದ ಸುಟ್ಟ ಗುರುತುಗಳು ಕಂಡವು. ಭುಜದ ಮೇಲೆ, ಮೊಣಕೈ ಪಕ್ಕ, ಕತ್ತಿನ ಕೆಳಗೆ ಎರಡು.

"ಏನವಾ ಇವು?"

"ಬರಿ, ಯಕ್ಕಾ. ನಮ್ಮ ಮನ್ಯಾಂವ ಹಾಕ್ಯಾನ."

ನನ್ನ ಮುಖ ನೋಡಿ ಅವಳೇ ಮುಂದೆ ಹೇಳಿದಳು. ಕುರಿ ಕುಂಟಿದರೆ ಕಬ್ಬಿಣ ಕಾಯಿಸಿ ಕೀಲಿಗೆ ಮುಟ್ಟಿಸುತ್ತಾರೆ, ಕುರಿ ನಡೆಯುತ್ತದೆ. ಅದೇ ಕಬ್ಬಿಣ. ಗಂಡ ಬೀರಣ್ಣ ಪ್ರತಿಸಲ ಎಲ್ಲಿ ಎಂದು ಕೇಳುತ್ತಿದ್ದ, ಇವಳು ಬೆರಳಿಟ್ಟು ತೋರಿಸುತ್ತಿದ್ದಳು, ಅವನು ಅಲ್ಲಿಗೆ ಮುಟ್ಟಿಸುತ್ತಿದ್ದ. "ಸಿಟ್ಟಿಲೆ ಹಾಕಿದ್ದಲ್ಲ. ಹಾಕಿದ ಮ್ಯಾಲ ತಾನ ಬೆಣ್ಣಿ ಹಚ್ತಿದ್ದ. ಉಳದವ್ರು ನಾಟಕ ಅಂತಾರ. ಅಂವ ಒಬ್ಬಾಂವ ಅನ್ನೂದಿಲ್ಲ." ಅದನ್ನು ಹೇಳುವಾಗ ಅವಳ ದನಿ ಮೇಲೆಯೂ ಹೋಗಲಿಲ್ಲ, ಕೆಳಗೆಯೂ ಬರಲಿಲ್ಲ. ಅವಳು ಯಾವಾಗಲೂ ಹಾಗೆಯೇ ಮಾತಾಡುತ್ತಿದ್ದಳು.

ಡಾಕ್ಟರು ರಕ್ತ ತಪಾಸಣೆ ಮಾಡಿಸಿದರು. ವಿಜಾಪುರಕ್ಕೆ ಕಳಿಸಿ ಬೆನ್ನಿನ ಮತ್ತು ಭುಜದ ಎಕ್ಸರೇ ತೆಗೆಸಿದರು. ಎಲ್ಲದರಲ್ಲಿಯೂ ಏನೂ ಇಲ್ಲ. ಎಕ್ಸರೇ ಫಿಲ್ಮು ಖಾಕಿ ಲಕೋಟೆಯಲ್ಲಿ ನಮ್ಮ ಕಪಾಟಿನಲ್ಲಿ ಉಳಿಯಿತು. ಏನೂ ಇಲ್ಲ ಎಂದಮೇಲೆ, ಸುಗ್ಗಿ ಮುಗಿದೊಡನೆ ಕಸ್ತೂರೆವ್ವ ಅವಳನ್ನು ಕುರಿಯ ಹಿಂದೆ ಕಳಿಸಿದಳು. ಇಪ್ಪತ್ತು ದಿನಕ್ಕೆ ಸಾತವ್ವ ಕುದುರೆಯ ಮೇಲೆ, ಅದರ ಕುತ್ತಿಗೆಗೆ ಒರಗಿಕೊಂಡು ತಿರುಗಿ ಬಂದಳಂತೆ. ಅವಳ ಬದಲು ಬೀರಣ್ಣನೇ ರೊಟ್ಟಿ ಬಡಿದನಂತೆ. ಅದಕ್ಕೆ ಮಸೂತಿಯಲ್ಲಿ ಅವನನ್ನು ಬೀರವ್ವ ಎಂದು ಕರೆದರಂತೆ.

ನಮ್ಮ ದವಾಖಾನೆಗೆ ಸೊಲ್ಲಾಪುರದ ಒಬ್ಬ ದೊಡ್ಡ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಮುಂಗಾರಿಗೆ ಕುರಿ ಊರಿಗೆ ತಿರುಗಿದ ಮೇಲೆ ಅವರಿಗೆ ಸಾತವ್ವನನ್ನು ತೋರಿಸಿದರು. ಗಂಡ, ಅತ್ತೆ ಇಬ್ಬರೂ ಜೊತೆಗಿದ್ದರು. ಅವರು ಫಿಲ್ಮು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಅವಳ ಕತ್ತು, ಭುಜ, ಮೊಣಕೈ, ಸೊಂಟ, ಮೊಣಕಾಲು ಒಂದೊಂದಾಗಿ ಒತ್ತಿದರು. ಒತ್ತಿದಲ್ಲೆಲ್ಲ ಅವಳು ಹಲ್ಲು ಕಚ್ಚಿದಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಅವರ ಹೆಬ್ಬೆರಳು ಇಟ್ಟ ಕಡೆಯಲ್ಲೆಲ್ಲ ಒಂದು ಬರೆ ಇತ್ತು.

"ಇವನ್ನ ಹಾಕಿದಾಂವ ಯಾರು?" ಎಂದು ಕೇಳಿದರು.

ಬೀರಣ್ಣ ಬೈಸಿಕೊಳ್ಳಲು ತಯಾರಾಗಿ ಪರದೆಯ ಆಚೆಯಿಂದಲೇ, "ನಾನ್ರಿ. ತಪ್ಪಾತ್ರಿ" ಎಂದ.

"ಹಾಕಿದ್ದು ತಪ್ಪು. ಆದ್ರ ಜಾಗಾ ಒಂದೂ ತಪ್ಪಿಲ್ಲ ನೋಡು" ಎಂದರು ಆ ಡಾಕ್ಟರು. ಆಮೇಲೆ ಬಸಂತರಾಯರಿಗೆ ಹೆಸರು ಹೇಳಿ ಬರೆಸಿದರು. ಫೈಬ್ರೊಸೈಟಿಸ್. ಈಗ ಅದೇ ದವಾಖಾನೆಯಲ್ಲಿ ಬಸಂತರಾಯರ ಮಗಳು ಡಾಕ್ಟರಾಗಿ ಕೂತಿದ್ದಾಳೆ. ಅದೀಗ ಆ ಹೆಸರಲ್ಲ ಅಮ್ಮ, ಫೈಬ್ರೊಮಯಾಲ್ಜಿಯಾ ಅಂತಾರೆ ಎಂದು ಒಮ್ಮೆ ನನಗೆ ಹೇಳಿದಳು. ಇರಲಿ.

ಸಾತವ್ವ ಆ ಹೆಸರನ್ನು ಮೂರು ಸಲ ಹೇಳಿಸಿಕೊಂಡಳು. ಕುಪ್ಪಸ ಸರಿಮಾಡಿಕೊಳ್ಳುತ್ತ ನನ್ನ ಕಿವಿಯ ಹತ್ತಿರ, "ಹೆಸರ ಐತಿ ಯಕ್ಕಾ. ನಂದೇನ್ ನಾಟಕ ಅಲ್ಲ, ಮೈಗಳ್ಳತನ ಅಲ್ಲ. ಹೆಸರ ಇರೂ ಜಡ್ಡು" ಎಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊರಗೆ ಕಸ್ತೂರೆವ್ವ ಕೇಳಿದಳು: "ಗುಣ ಆಗ್ತೈತೇನ್ರಿ?"

"ಪೂರಾ ಆಗೂದಿಲ್ಲವಾ" ಎಂದರು ಬಸಂತರಾಯರು. "ಜೀವಕ್ಕ ಏನೂ ಭಯ ಇಲ್ಲ. ಭಾರ ಎತ್ತಸಬ್ಯಾಡ್ರಿ. ನೂವು ಬಂದಾಗ ಗುಳಿಗಿ ಕೊಡ್ರಿ."

"ಅಂದ್ರ, ಸಾಯೂದೂ ಇಲ್ಲ, ಏಳೂದೂ ಇಲ್ಲ."

ಡಾಕ್ಟರು ಚೀಟಿಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದರು. ಕಸ್ತೂರೆವ್ವ ಚೀಟಿ ಹಿಡಿದುಕೊಂಡು ಬಾಬುಲಾಲನ ಕಿಟಕಿಗೆ ಬಂದಳು. "ಏನೋ ಅಂದ್ನಲ್ಲಪಾ ಆ ಡಾಕ್ಟರ. ಪಾಬರ ಸವತಿ?"

ಬಾಬುಲಾಲನಿಗೆ ಇಷ್ಟು ಸಾಕು. "ಹೌದ್ರಿ ಆಯಿ, ಸವತಿನ. ಒಮ್ಮಿ ಮನಿ ಹೊಕ್ಕಳಂದ್ರ ಹೋಗಾಕಿ ಅಲ್ಲ" ಎಂದ. ಬಾಕಿನ ಮಂದಿ ನಕ್ಕಿತು. ನಾನು ನಗಲಿಲ್ಲ ಎಂದು ಹೇಳಲಾರೆ.

ಹದಿನೈದು ದಿನ ಆಗಿರಬಹುದು. ಸಾತವ್ವ ಒಬ್ಬಳೇ ಮೊದಲ ಬಸ್ಸಿಗೆ ಬಂದಳು. ನಾನು ಆಗ ಕಸ ಹೊಡೆಯುತ್ತಿದ್ದೆ. ಮೆಟ್ಟಿಲ ಮೇಲೆ ಕುಳಿತು, "ಯಕ್ಕಾ, ಆ ಹೆಸರ ಹೊಡದ ಹಾಕಸಬೇಕು" ಎಂದಳು.

"ಯಾವ ಹೆಸರು?"

"ನನ್ನ ಜಡ್ಡಿಂದು. ನಮ್ಮತ್ತಿ ಊರ ತುಂಬ ಹೇಳ್ಯಾಳ. ಡಾಕ್ಟರ ಚೀಟ್ಯಾಗ ಸವತಿ ಅಂತ ಬರದಾನ, ಸವತಿ ತರದ ಇಕಿ ಜಡ್ಡಿಗಿ ಇಲಾಜ ಇಲ್ಲ, ಅಂತ. ಹಿರೇರೂ ಹೌದೌದು ಅಂದಾರ. ಆಲಮೇಲದಾಗಿನ ನಮ್ಮಪ್ಪಗ ಹೇಳಿ ಕಳಿಸ್ಯಾರ. ನನ್ನ ತಂಗಿ ಚಂದವ್ವನ್ನ ನಮ್ಮ ಮನ್ಯಾಂವಗ ಕೊಡಬೇಕಂತ."

ಬೇರೆ ದಾರಿ ಎಂದರೆ ಇದು. ಕೈಲಾಗದವಳ ಮನೆಗೆ ಅವಳ ತಂಗಿಯನ್ನೇ ತರುವುದು ನಮ್ಮ ಕಡೆ ಹೊಸದೇನಲ್ಲ. ಹೊರಗಿನವಳಿಗಿಂತ ತಂಗಿಯಾದರೆ ಅಕ್ಕನಿಗೆ ಅನ್ನ ಹಾಕುತ್ತಾಳೆ ಎಂದು ಒಳ್ಳೆಯ ಮಾತಿನಲ್ಲೇ ಮಾಡುತ್ತಾರೆ. ನಾನೂ ಹಾಗೆಯೇ ಅಂದೆ. "ತಂಗಿ ಅಲ್ಲೇನವಾ. ನಿನಗೂ ದಗದ ಹಗುರ ಆಗ್ತೈತಿ."

"ಅಕಿಗೆ ಹದಿನಾರು" ಎಂದಳು ಸಾತವ್ವ. "ನಾ ಬಂದಾಗ ನನಗೂ ಹದಿನಾರು. ನಾ ಎತ್ತಿದ ಬಲಿ ಅಕಿ ಎತ್ತಬೇಕು, ನಾ ಮೂಲ್ಯಾಗ ಕುಂತು ನೋಡಬೇಕು. ಮತ್ತ ಒಂದಿನ ಜಗಳ ಬಂದ್ರ ನಾ ಎಲ್ಲಿ ಹೋಗ್ಲಿ? ತಂಗಿ ಸವತಿ ಆದ್ಲು ಅಂದ್ರ ತವರಮನೀನೂ ಹೋತು. ಅಕಿ ನನಗ ತಂಗಿ ಆಗೇ ಇರಬೇಕು, ಯಕ್ಕಾ. ಅಷ್ಟ."

ಡಾಕ್ಟರು ಬಂದ ಮೇಲೆ ಅವರ ಮುಂದೆಯೂ ಇದನ್ನೇ ಹೇಳಿದಳು. ಅವರಿಗೆ ಸಿಟ್ಟು ಬಂತು. "ಎರಡನೇ ಮದಿವಿ ಮಾಡಿದ್ರ ಕಾಯಿದೆ ಐತಿ, ಜೇಲಿಗೆ ಹಾಕ್ತಾರ ಅಂತ ಹೇಳು."

"ನಮ್ಮೂರ ಬಸ್ಸಿನ್ಯಾಗ ಕಾಯಿದೆ ಇನ್ನೂ ಬಂದಿಲ್ರಿ, ಸಾಹೇಬ್ರ. ನೀವು ಏನೂ ಜಡ್ಡಿಲ್ಲ ಅಂತ ಬರದ ಕೊಡ್ರಿ, ಸಾಕು."

"ಐತಿ ಅಂತ ಬರದ ಕೈಲೆ ಇಲ್ಲ ಅಂತ ಹೆಂಗ ಬರೀಲಿ?"

"ಐತಿ ಅಂತ ಹೆಂಗ ಬರದ್ರಿ? ರಕ್ತದಾಗ ಇಲ್ಲ ಅಂದ್ರಿ. ಫೋಟೋದಾಗ ಇಲ್ಲ ಅಂದ್ರಿ. ಅವ್ರು ಬೆರಳಿಟ್ಟ ಒತ್ತಿದ್ರು, ನಾ ಅಯ್ಯೋ ಅಂದೆ, ನೀವು ಹೆಸರ ಬರದ್ರಿ. ನಾ ಅಯ್ಯೋ ಅಂದದ್ದು ಸುಳ್ಳಿದ್ರ?"

"ಸುಳ್ಳೇನು?"

ಸಾತವ್ವ ಕೈಯಿಂದ ಭುಜ ಒತ್ತಿಕೊಂಡಳು. "ಅಲ್ರಿ" ಎಂದಳು.

ಡಾಕ್ಟರು ಬರೆದುಕೊಡಲಿಲ್ಲ. ಅವರ ತಪ್ಪೂ ಅಲ್ಲ. ಐದು ವರ್ಷ ಅವಳು ಯಾರಾದರೂ ಜಡ್ಡು ಐತಿ ಅನ್ನಲಿ ಎಂದು ತಿರುಗಿದ್ದಳು. ಅವರು ಐತಿ ಅಂದರು. ಈಗ ಅದನ್ನೇ ತಿರುಗಿ ತೆಗೆದುಕೊಳ್ಳಿ ಎಂದರೆ ಅವರಾದರೂ ಏನು ಮಾಡಬೇಕು.

ಅವಳು ಹೊರಗೆ ಬಂದು ನನ್ನನ್ನು ಕೇಳಿದಳು. "ಆ ಫೋಟೋ ನನ್ನವ ಅಲ್ಲೇನು? ನನ್ನ ಎಲುಬಿನವ?"

ನಿನ್ನವೇ ಎಂದೆ. ಡಾಕ್ಟರು ಊಟಕ್ಕೆ ಹೋದಾಗ ಕಪಾಟು ತೆಗೆದು ಖಾಕಿ ಲಕೋಟೆ ಕೊಟ್ಟೆ. ಅವರನ್ನು ಕೇಳಿ ಕೊಡಲಿಲ್ಲ. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, "ಅಮಾಸಿಗಿ ಹಿರೇರು ಕುಂಡ್ರತಾರ. ನೀನೂ ಬಾ, ಯಕ್ಕಾ. ದವಾಖಾನಿ ಮಂದಿ ಮಾತಂದ್ರ ನಂಬ್ತಾರ" ಎಂದಳು. ನಮ್ಮ ಮನೆಯವರು ಆಗ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಅಮಾವಾಸ್ಯೆಗೆ ಮಸೂತಿಗೆ ಹೋಗಿ ಬರುತ್ತೇನೆ ಎಂದಾಗ ಯಾಕೆ ಎಂದು ಕೇಳಲಿಲ್ಲ.

ಮಸೂತಿಯಲ್ಲಿ ಬೀರದೇವರ ಗುಡಿಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಐದಾರು ಜನ ಹಿರಿಯರು ಕುಳಿತಿದ್ದರು. ಬಿಸಿಲು ಚೆನ್ನಾಗಿತ್ತು. ಸಾತವ್ವನ ಅಪ್ಪ ಸಿದ್ದರಾಯ ಒಂದು ಪಕ್ಕ ಕುಳಿತಿದ್ದ. ಅವನ ಹಿಂದೆ ಚಂದವ್ವ ನಿಂತಿದ್ದಳು. ಸಣ್ಣ ಹುಡುಗಿ, ಹೊಸ ಸೀರೆ ಉಡಿಸಿದ್ದರು, ನೆರಿಗೆ ಕಾಲಿಗೆ ತೊಡರುತ್ತಿತ್ತು. ಹೆಣ್ಣುಮಕ್ಕಳೆಲ್ಲ ಗೋಡೆಯ ಕಡೆ. ನಾನೂ ಅಲ್ಲಿಯೇ.

ಕಸ್ತೂರೆವ್ವ ಚೀಟಿ ತೋರಿಸಿದಳು. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಎಲ್ಲರೂ ನೋಡಿ ತಲೆಯಾಡಿಸಿದರು.

"ಇದರಾಗ ಸವತಿ ಅಂತ ಐತೇನು?" ಎಂದ ಒಬ್ಬ ಹಿರಿಯ.

"ಡಾಕ್ಟರನ ಬಾಯಿಲೆ ಕೇಳೀನಿ. ಕಂಪೌಂಡರೂ ಹೌದಂದ" ಎಂದಳು ಕಸ್ತೂರೆವ್ವ.

ಸಾತವ್ವ ಎದ್ದು ಮುಂದೆ ಹೋದಳು. ಹಿರಿಯರ ಮುಂದೆ ಹೆಂಗಸು ತಾನಾಗಿ ಎದ್ದು ಹೋಗುವ ಪದ್ಧತಿ ಇರಲಿಲ್ಲ. ಯಾರೋ ಕೆಮ್ಮಿದರು. ಅವಳು ಲಕೋಟೆಯಿಂದ ಫಿಲ್ಮು ತೆಗೆದು ಸೂರ್ಯನಿಗೆ ಅಡ್ಡ ಹಿಡಿದಳು. ಎರಡೂ ಕೈ ಮೇಲೆತ್ತಿ. ಅವಳ ಭುಜ ಅಷ್ಟು ಮೇಲೆ ಏಳುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

"ಚೀಟಿ ನಿಮಗೂ ಓದಾಕ ಬರೂದಿಲ್ಲ, ನನಗೂ ಬರೂದಿಲ್ಲ. ಇದು ನನ್ನ ಮೈ ಒಳಗಿನ ಫೋಟೋ. ಇದನ್ನ ನೋಡಾಕ ಸಾಲಿ ಕಲೀಬೇಕಾಗಿಲ್ಲ. ಜಡ್ಡ ಎಲ್ಲೈತಿ ತೋರಸ್ರಿ, ಎಪ್ಪಾ."

ಹಿರಿಯರು ಒಬ್ಬೊಬ್ಬರಾಗಿ ಎದ್ದು ಬಂದು ನೋಡಿದರು. ಕುರಿ ಕೊಯ್ದ ಮಂದಿ, ಎಲುಬು ಎಂದರೆ ಅವರಿಗೆ ಗೊತ್ತು. ಒಬ್ಬ ಬೆರಳಿನಿಂದ ಪಕ್ಕೆಲುಬು ಎಣಿಸಿದ. "ಎಲುಬ ಸ್ವಚ್ಛ ಅದಾವಪಾ" ಎಂದ. ಇನ್ನೊಬ್ಬ ನನ್ನ ಕಡೆ ತಿರುಗಿ, "ಏನವಾ, ನೀ ದವಾಖಾನಿಯಾಕಿ. ಇದರಾಗ ಜಡ್ಡ ಐತೇನು?" ಎಂದು ಕೇಳಿದ.

"ಇಲ್ರಿ" ಎಂದೆ. ಫಿಲ್ಮಿನಲ್ಲಿ ಇರಲಿಲ್ಲ. ಅವನು ಕೇಳಿದ್ದೂ ಅಷ್ಟೇ.

ಆಗ ಎದ್ದವನು ಬೀರಣ್ಣ. ಅವನು ಮಾತಾಡಬಹುದೆಂದು ಯಾರೂ ಅಂದುಕೊಂಡಿರಲಿಲ್ಲ. "ಐತಿ. ಫೋಟೋದಾಗ ಇರ್ಲಿ ಬಿಡ್ಲಿ. ನಾ ಹನ್ನೊಂದ ಬರಿ ಹಾಕೀನಿ. ಸೊಲ್ಲಾಪುರದ ಡಾಕ್ಟರ ಆ ಹನ್ನೊಂದ ಕಡೆ ಒತ್ತಿ, ಜಾಗಾ ತಪ್ಪಿಲ್ಲ ಅಂದ. ಅಕಿಗೆ ನೂಸ್ತೈತಿ. ಸುಳ್ಳ ಹೇಳಾಕಿ ಅಲ್ಲ ಅಕಿ."

ಗುಡಿಯ ಮುಂದೆ ಎಲ್ಲರೂ ಸಾತವ್ವನನ್ನು ನೋಡಿದರು. ಅವನು ಅವಳ ಪರವಾಗಿಯೇ ಹೇಳಿದ. ಆದರೆ ಆ ಮಾತು ನಿಂತರೆ ಚಂದವ್ವ ಆ ಮನೆಗೆ ಬರಬೇಕಾಗುತ್ತಿತ್ತು. ಸಾತವ್ವ ಫಿಲ್ಮು ಕೆಳಗಿಳಿಸಿದಳು.

"ಸುಳ್ಳ ಹೇಳಿದ್ದೆ" ಎಂದಳು. "ಕುರಿ ಹಿಂದ ಹೋಗಾಕ ಬ್ಯಾಸರಾಗಿತ್ತು. ಅದಕ್ಕ ನೂಸ್ತೈತಿ ಅಂದೆ. ಬರಿ ಹಾಕೂದಕ್ಕ ಅಯ್ಯೋ ಅಂದೆ, ಕಾದ ಕಬ್ಬಿಣ ಯಾರಿಗೆ ನೂಸೂದಿಲ್ಲ. ಮುಂದಿನ ಸಲ ನಾನ ಹೋಗ್ತೇನಿ. ಬಲೀನೂ ನಾನ ಎತ್ತತೇನಿ."

ಬೀರಣ್ಣ ಅವಳನ್ನು ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಯ ಹಟ್ಟಿಯ ಕಡೆ ಹೋದ.

ಹಿರಿಯರು ಆಕೆಗೆ ಒಂದಿಷ್ಟು ಬೈದರು. ಗುಡಿಗೆ ಐದು ತೆಂಗಿನಕಾಯಿ ಒಡೆಸು ಎಂದರು. ಕಸ್ತೂರೆವ್ವ, "ಐದ ವರ್ಷ ನಾ ಹೇಳಿದ್ದ ಖರೆ ಆತು ನೋಡ್ರಿ" ಎಂದು ಎಲ್ಲರ ಮುಖ ನೋಡಿದಳು. ಸಿದ್ದರಾಯ ಆ ಸಂಜೆಯ ಬಸ್ಸಿಗೆ ಚಂದವ್ವನನ್ನು ಕರೆದುಕೊಂಡು ಹೊರಟ. ಬಸ್ಸಿನ ಕಿಟಕಿಯಿಂದ ಹುಡುಗಿ, "ಯಕ್ಕಾ, ಖರೇನ ಸುಳ್ಳ ಹೇಳಿದ್ದೇನ?" ಎಂದು ಕೇಳಿದಳು. "ಹ್ಞೂ, ಆಗ್ಲೇ ಹೇಳಿದ್ನೆಲ್ಲ. ಸೆರಗ ಒಳಗ ತಗೋ" ಎಂದಳು ಸಾತವ್ವ. ನಾನೂ ಅದೇ ಬಸ್ಸು ಹತ್ತಿದೆ. ಫಿಲ್ಮು ತಿರುಗಿ ತಂದು ಕಪಾಟಿನಲ್ಲಿ ಇಟ್ಟೆ.

ಅದಾದ ಮೇಲೆ ಮೂರು ವರ್ಷ ಸಾತವ್ವ ಕುರಿಯ ಹಿಂದೆ ಹೋದಳು. ವರ್ಷಕ್ಕೆ ಒಂದೆರಡು ಸಲ ದವಾಖಾನೆಗೆ ಬರುತ್ತಿದ್ದಳು, ಮಗಳಿಗೆ ಕೆಮ್ಮು ಎಂದೋ ಮಗನಿಗೆ ಹುಣ್ಣು ಎಂದೋ. ಮಕ್ಕಳ ಔಷಧ ತೆಗೆದುಕೊಂಡ ಮೇಲೆ ಪರದೆಯ ಹಿಂದಿನ ಹಾಸಿಗೆಯ ಮೇಲೆ ಒಂದು ಗಳಿಗೆ ಅಡ್ಡಾಗಲೇ ಎಂದು ಕೇಳುತ್ತಿದ್ದಳು. ನಾನು ಪರದೆ ಎಳೆಯುತ್ತಿದ್ದೆ. ನರಳುತ್ತಿರಲಿಲ್ಲ. ಎದ್ದು ಮುಖ ಒರೆಸಿಕೊಂಡು ಹೋಗುತ್ತಿದ್ದಳು. ಬಾಬುಲಾಲ ಅವಳಿಗೆ ಇಟ್ಟ ಹೆಸರನ್ನು ಬಿಟ್ಟಿದ್ದ. ನನ್ನ ಕೈಗೆ ನಾಲ್ಕು ಗುಳಿಗೆ ಕೊಟ್ಟು, "ಅಕಿ ಉಡ್ಯಾಗ ಹಾಕು, ಹೆಸರ ಬರ್ಕೊಳ್ಳೂದು ಬ್ಯಾಡ" ಎನ್ನುತ್ತಿದ್ದ.

ಒಂದು ಸಲ ನಾನು ಕೇಳಿದೆ, "ಬೀರಣ್ಣ ಈಗ ಬರಿ ಹಾಕ್ತಾನೇನವಾ?"

"ಇಲ್ಲ. ಎಲ್ಲಿ ಅಂತ ಕೇಳೂದೂ ಇಲ್ಲ" ಎಂದಳು. "ಕೇಳಿದ್ರ ಹೇಳಿಬಿಡ್ತಿದ್ದೆನೋ ಏನೋ." ಆಮೇಲೆ, "ಇದು ಖರೇನ ಜಡ್ಡ ಹೌದೋ ಅಲ್ಲೋ ಅಂತ ನನಗ ಈಗ ತಿಳೀದು, ಯಕ್ಕಾ. ಎಲ್ಲಾರ ಮುಂದ ಇಲ್ಲ ಅಂದೀನಿ. ಬಲಿ ಎತ್ತುಮುಂದ ಮೈ ಐತಿ ಅಂತೈತಿ. ಯಾವದನ್ನ ನಂಬ್ಲಿ?" ಎಂದಳು. ಚಹಾ ಕುಡಿ ಎಂದೆ.

ಚಂದವ್ವನನ್ನು ಸಿಂದಗಿಯ ಕಡೆ ಒಕ್ಕಲುತನದ ಮನೆಗೆ ಕೊಟ್ಟರು. ಒಬ್ಬಳೇ ಸೊಸೆ, ಗಂಡ ಒಳ್ಳೆಯವನಂತೆ. ಆ ಮದುವೆಗೆ ಸಾತವ್ವ ಹೋಗಲಿಲ್ಲ. ಕುರಿ ಕೊಲ್ಹಾರದ ಆಚೆ ಇದ್ದವು.

ಕೊನೆಗೆ ನಾನು ಅವಳನ್ನು ನೋಡಿದ್ದು ೧೯೭೯ರಲ್ಲಿ, ಜೋಳದ ಸುಗ್ಗಿ ಮುಗಿದ ಮೇಲೆ. ಆಮೇಲೆ ಅವರು ಯಾವ ದಂಡೆಗೆ ಹೋದರೋ, ಹೊಳೆಯಾಚೆಗೇ ನೆಲೆ ನಿಂತರೋ, ಸುದ್ದಿ ಬರಲಿಲ್ಲ. ಆ ದಿನ ನಾನು ನೀರಿನ ಕೊಡ ಹೊತ್ತು ಬರುವಾಗ ಊರ ಹೊರಗಿನ ದಾರಿಯಲ್ಲಿ ಅವರ ಕುರಿ ಹೊರಟಿದ್ದವು. ಬೀರಣ್ಣ ಮುಂದೆ. ಸಾತವ್ವ ಕುದುರೆಯ ಹಗ್ಗ ಹಿಡಿದು ಹಿಂದೆ. ಕುದುರೆಯ ಮೇಲೆ ಬಲೆ, ಪಾತ್ರೆ, ಎರಡು ಮರಿ. ನನ್ನನ್ನು ನೋಡಿ ನಿಂತಳು. ಹಗ್ಗವನ್ನು ಬೆರಳಿನಿಂದ ಹಿಡಿದಿರಲಿಲ್ಲ, ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು.

"ಆರಾಮೇನವಾ?" ಎಂದೆ.

"ಆರಾಮ" ಎಂದಳು. ಕುರಿ ಮುಂದೆ ಹೋಗುತ್ತಿದ್ದವು, ಅವಳಿಗೆ ಹೊತ್ತಿರಲಿಲ್ಲ. "ಚಂದವ್ವ ಹಡದಾಳ. ಗಂಡಸಮಗ. ಹಡದ ಮ್ಯಾಲ ಅಕಿಗೂ ಸುರು ಆಗೇತಂತ. ಭುಜ, ಕುತಿಗಿ. ಬೀಸಾಕ ಆಗವಲ್ದಂತ. ಅಕಿ ಗಂಡ ಬಾಗೇವಾಡಿ ಡಾಕ್ಟರಗ ತೋರಸ್ತೇನಿ ಅಂದಾನಂತ. ನಿಮ್ಮ ದವಾಖಾನಿಗೇ ಬರ್ತಾರ."

ಬೀರಣ್ಣ ಮುಂದಿನಿಂದ ಕುರಿಗಳಿಗೆ ಕೂಗು ಹಾಕಿದ. ಕುದುರೆ ಎಳೆಯಿತು. ಅವಳು ಎರಡು ಹೆಜ್ಜೆ ಅದರ ಜೊತೆ ಹೋಗಿ ತಿರುಗಿದಳು.

"ಯಕ್ಕಾ, ಅಕಿ ಬಂದ್ರ ಗುಳಿಗಿ ಕೊಡಸು. ಪರದಿ ಹಿಂದ ಒಂದ ಗಳಿಗಿ ಮಲಗಸು. ಡಾಕ್ಟರಗ ಹೇಳು, ಬಾಬುಲಾಲಗೂ ಹೇಳು. ಆ ಹೆಸರ ಮಾತ್ರ ಅಕಿ ಅತ್ತಿ ಮುಂದ ಹೇಳಬ್ಯಾಡ್ರಿ."